ಒಳ್ಳೆಯ ಪಿಸ್ತೂಲು ಎಂದರೆ

ಕಳೆದ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆಗೆಂದು ಡಾಲಸ್ ಸಮೀಪದ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಕೂತಿದ್ದಾಗ ಭಾವ ನನಗೊಂದು ಕೆಲಸ ಹಚ್ಚಿದರು. "ನೀನು ರಿಸರ್ಚ್ ಮಾಡೋನಲ್ವಾ ಮಾರಾಯ. ಐನೂರು ಡಾಲರ್ ಒಳಗೆ ಒಂದು ಒಳ್ಳೆ ಪಿಸ್ತೂಲು ಯಾವುದು ಅಂತ ನೋಡಿ ಹೇಳು." ಹಿಂದಿನ ವರ್ಷ ಡಿಶ್‌ವಾಷರ್ ಕೊಳ್ಳುವಾಗಲೂ ಹೀಗೇ ಹೇಳಿದ್ದರು. ಆಗ ಏಳು ಕಂಪನಿಗಳ ಯಂತ್ರಗಳನ್ನು ಹೋಲಿಸಿ ಪಟ್ಟಿ ಮಾಡಿಕೊಟ್ಟಿದ್ದೆ. ಪಟ್ಟಿಯ ಮೊದಲನೆಯದನ್ನೇ ಅವರು ತಂದರು, ಅದು ಈಗಲೂ ಸದ್ದಿಲ್ಲದೆ ಪಾತ್ರೆ ತೊಳೆಯುತ್ತಿದೆ. ಹಾಗಾಗಿ ನನ್ನ ಮೇಲೆ ಅವರಿಗೆ ನಂಬಿಕೆ. ನಾನು ಓದುತ್ತಿರುವುದು ನೀತಿಶಾಸ್ತ್ರ ಎಂಬುದು ಅವರಿಗೆ ಅಡ್ಡಿಯಾಗಿ ಕಾಣಲಿಲ್ಲ.

ಪಿಸ್ತೂಲಿನ ಯೋಚನೆ ಹುಟ್ಟಿದ್ದು ಅಕ್ಟೋಬರಿನ ಒಂದು ರಾತ್ರಿ. ಎರಡು ಗಂಟೆಯ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಹಿಡಿಕೆ ತಿರುಗಿಸಿದರು, ಒದ್ದರು, ಏನೋ ಕೂಗಿದರು. ಅಕ್ಕ ಆರು ವರ್ಷದ ಮಗಳನ್ನು ಎತ್ತಿಕೊಂಡು ಮಹಡಿಯ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಭಾವ ಕಾಯಿ ಒಡೆಯುವ ಕತ್ತಿ ಹಿಡಿದು ಮೆಟ್ಟಿಲ ಮೇಲೆ ನಿಂತರು. ಪೊಲೀಸರು ಬರಲು ಹನ್ನೊಂದು ನಿಮಿಷ ಹಿಡಿಯಿತು. ಬಾಗಿಲಲ್ಲಿದ್ದವನು ಎರಡು ಬೀದಿ ಆಚೆಯವನು, ಚೆನ್ನಾಗಿ ಕುಡಿದಿದ್ದ. ಅಲ್ಲಿಯ ಮನೆಗಳನ್ನೆಲ್ಲ ಒಬ್ಬನೇ ಬಿಲ್ಡರ್ ಕಟ್ಟಿದ್ದು, ಒಂದರಂತೆ ಇನ್ನೊಂದು. ತನ್ನ ಮನೆಯ ಬೀಗವನ್ನೇ ಹೆಂಡತಿ ಬದಲಾಯಿಸಿದ್ದಾಳೆಂದು ತಿಳಿದು ಅವನು ಕೂಗಾಡುತ್ತಿದ್ದನಂತೆ. ಮರುದಿನ ಆ ಹೆಂಡತಿ ಕೇಕ್ ಹಿಡಿದುಕೊಂಡು ಬಂದು ಕ್ಷಮೆ ಕೇಳಿ ಹೋದಳು. ಭಾವ ಆ ಕೇಕ್ ಮುಟ್ಟಲಿಲ್ಲ. "ಹನ್ನೊಂದು ನಿಮಿಷ" ಎಂದು ಅವರು ನನಗೆ ಆ ಸಂಜೆಯಲ್ಲೇ ನಾಲ್ಕು ಸಲ ಹೇಳಿದರು.

ಇದರಲ್ಲಿ ನನ್ನದೊಂದು ವಿಚಿತ್ರ ಸ್ಥಾನವಿದೆ. ಭಾವ ಇಲ್ಲಿಯ ಪೌರತ್ವ ಪಡೆದವರು. ಟೆಕ್ಸಾಸಿನಲ್ಲಿ ಅಂಗಡಿಗೆ ಹೋಗಿ, 4473 ಎಂಬ ಫಾರಂ ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿದರೆ ಅದೇ ದಿನ ಪಿಸ್ತೂಲು ಹಿಡಿದು ಮನೆಗೆ ಬರಬಹುದು. ನಾನು ಎಫ್-1 ವೀಸಾದ ವಿದ್ಯಾರ್ಥಿ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ನನ್ನಂಥವರು ಬಂದೂಕು ಇಟ್ಟುಕೊಳ್ಳುವುದು ಈ ದೇಶದ ಕಾನೂನಿನ ಪ್ರಕಾರ ಅಪರಾಧ. ನಾನು ಹಿಡಿಯಬಾರದ ವಸ್ತುವನ್ನು ಇನ್ನೊಬ್ಬರಿಗೆ ಆರಿಸಿಕೊಡಬೇಕಿತ್ತು. ಒಪ್ಪಿಕೊಂಡೆ. ಓದುವುದಕ್ಕೆ ವೀಸಾದ ತಡೆಯಿಲ್ಲವಲ್ಲ.

ಎರಡು ವಾರ ಓದಿದೆ. ಸಂಕೋಚವಿಲ್ಲದೆ ಹೇಳುತ್ತೇನೆ, ಆಸಕ್ತಿಯಿಂದಲೇ ಓದಿದೆ. ಮಧ್ಯಮ ಬೆಲೆಗೆ ಒಳ್ಳೆಯ ಪಿಸ್ತೂಲು ಸಿಗುವ ಕಾಲ ಬಂದದ್ದರ ಹಿಂದೆ ಒಂದು ಕಥೆಯಿದೆ. ಆಸ್ಟ್ರಿಯಾದ ಗಾಸ್ಟನ್ ಗ್ಲಾಕ್ ಎಂಬ ಎಂಜಿನಿಯರು ಪರದೆ ತೂಗುಹಾಕುವ ಸರಳು, ಚಾಕು ಇವನ್ನೆಲ್ಲ ತಯಾರಿಸಿಕೊಂಡಿದ್ದವನು. ಬಂದೂಕು ತಯಾರಿಸಿ ಅನುಭವವಿರಲಿಲ್ಲ. 1982ರಲ್ಲಿ ಆಸ್ಟ್ರಿಯಾದ ಸೇನೆ ಅವನ ಪಿಸ್ತೂಲನ್ನು ಒಪ್ಪಿಕೊಂಡಿತು. ಹಿಡಿಯೂ ಚೌಕಟ್ಟೂ ಪ್ಲಾಸ್ಟಿಕ್ ಜಾತಿಯ ಪಾಲಿಮರಿನದು, ಬಿಡಿಭಾಗಗಳು ಕಡಿಮೆ, ಹೊರಗೆ ಸೇಫ್ಟಿಯ ಸನ್ನೆಯೇ ಇಲ್ಲ. ರಕ್ಷಣೆಯ ಏರ್ಪಾಡೆಲ್ಲ ಕುದುರೆಯೊಳಗೆ ಮತ್ತು ಅದರ ಹಿಂದೆ ಅಡಗಿದೆ. ತಯಾರಿಸುವುದು ಅಗ್ಗ, ಕೆಡುವುದು ಅಪರೂಪ. ಆಮೇಲೆ ಉಳಿದವರೆಲ್ಲ ಅದೇ ದಾರಿ ಹಿಡಿದರು. ಇವತ್ತು ಬ್ರೆಜಿಲ್ ಮೂಲದ ಟಾರಸ್ 300 ಡಾಲರ್ ಆಸುಪಾಸಿಗೆ ಸಿಗುತ್ತದೆ. ಟರ್ಕಿಯ ಕಾನಿಕ್, ಜೆಕ್ ದೇಶದ ಸಿ.ಝಡ್., ಇಲ್ಲಿಯದೇ ಆದ ಸ್ಮಿತ್ ಆ್ಯಂಡ್ ವೆಸನ್, ರೂಗರ್ ಕಂಪನಿಗಳ ಕೆಲವು ಮಾದರಿಗಳು ಭಾವನ ಬಜೆಟ್ಟಿನೊಳಗೆ ಬರುತ್ತವೆ. ಗ್ಲಾಕ್ ಅದರ ಅಂಚಿನಲ್ಲಿದೆ. ಎಲ್ಲವೂ ತಿನ್ನುವುದು ಹೆಚ್ಚಾಗಿ ಒಂದೇ ಗುಂಡು, 9 ಮಿಲಿಮೀಟರಿನದು. ಅದರ ಹಳೆಯ ಹೆಸರು ಪ್ಯಾರಬೆಲ್ಲಂ. 'ಶಾಂತಿ ಬೇಕಿದ್ದರೆ ಯುದ್ಧಕ್ಕೆ ಸಿದ್ಧನಾಗು' ಎಂಬ ಲ್ಯಾಟಿನ್ ಮಾತಿನ ಕೊನೆಯ ತುಣುಕು ಅದು. ತೋಟಾದ ಹೆಸರಿನಲ್ಲೇ ಒಂದು ನೀತಿವಾಕ್ಯ ಕೂತಿರುವುದನ್ನು ಕಂಡು ನನ್ನ ಗೈಡಿಗೆ ಹೇಳಿದೆ. ಅವರು ನಗಲಿಲ್ಲ.

ಇನ್ನೊಂದು ಸಂಗತಿ. ಅಕ್ಕನ ಮನೆಯ ಟೋಸ್ಟರು, ಮಗುವಿನ ತೊಟ್ಟಿಲು, ಏಣಿ ಇವೆಲ್ಲ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗದ ಕೈಕೆಳಗೆ ಬರುತ್ತವೆ. 1972ರಲ್ಲಿ ಆ ಆಯೋಗವನ್ನು ಹುಟ್ಟುಹಾಕಿದ ಕಾನೂನೇ ಬಂದೂಕನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಆಟಿಕೆಯ ಪಿಸ್ತೂಲಿನ ತುದಿಯಲ್ಲಿ ಕಿತ್ತಳೆ ಬಣ್ಣದ ಗುರುತಿರಬೇಕೆಂದು 1988ರಲ್ಲಿ ಕಾನೂನು ಬಂತು. ನಿಜವಾದ ಪಿಸ್ತೂಲಿನ ಗುಣಮಟ್ಟ ಮಾತ್ರ ಕೊಳ್ಳುವವನ ವಿವೇಚನೆಗೆ, ಎಂದರೆ ನನ್ನಂಥವರ ಪಟ್ಟಿಗೆ ಬಿಟ್ಟದ್ದು.

ಪಟ್ಟಿ ಮಾಡುತ್ತ ಹೋದ ಹಾಗೆ ವಿಮರ್ಶಕರು 'ಒಳ್ಳೆಯ' ಎಂಬ ಮಾತನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದು ಸ್ಪಷ್ಟವಾಯಿತು. ಸಾವಿರ ಗುಂಡು ಹೊಡೆದಾಗ ಎಷ್ಟು ಸಲ ಸಿಕ್ಕಿಕೊಂಡಿತು? ಕೆಸರು ಮೆತ್ತಿದರೂ, ಎಣ್ಣೆ ಹಾಕದಿದ್ದರೂ ನಡೆಯುತ್ತದೆಯೇ? ಕುದುರೆ ಎಳೆಯಲು ಎಷ್ಟು ಬಲ ಬೇಕು? ಒಂದು ಗುಂಡಿನಿಂದ ಇನ್ನೊಂದಕ್ಕೆ ಗುರಿ ಎಷ್ಟು ಬೇಗ ಮರಳುತ್ತದೆ? ಒಂದೊಂದು ಕಾಲಮ್ಮೂ ಬೇರೆ ಬೇರೆ ಬಗೆಯಲ್ಲಿ ಒಂದೇ ವಿಷಯವನ್ನು ಅಳೆಯುತ್ತಿತ್ತು. ಮನಸ್ಸಿಗೆ ಬಂದದ್ದಕ್ಕೂ ಅದು ಆಗಿಹೋಗುವುದಕ್ಕೂ ನಡುವೆ ಎಷ್ಟು ಕಡಿಮೆ ಅಡ್ಡಿ?

ಇದು ಹೊಳೆದದ್ದು ಅಜ್ಜನ ಕೋವಿಯಿಂದ. ನಮ್ಮದು ಸಾಗರದ ಕಡೆಯ ಹಳ್ಳಿ, ಅಡಿಕೆ ತೋಟ. ಬೆಳೆ ರಕ್ಷಣೆಗೆಂದು ಅಜ್ಜನ ಹೆಸರಿನಲ್ಲಿ ಲೈಸೆನ್ಸಿನ ಕೇಪಿನ ಕೋವಿಯೊಂದಿತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರಬೇಕು. ಮಂಗಗಳಿಗೆ ಚುನಾವಣಾ ನೀತಿಸಂಹಿತೆ ಅನ್ವಯಿಸುವುದಿಲ್ಲ ಎಂದು ಅಜ್ಜ ಗೊಣಗುತ್ತ ಹೋಗುತ್ತಿದ್ದರು. ಆ ಕೋವಿಗೆ ಈಡು ತುಂಬುವುದೇ ಒಂದು ಕಾರ್ಯಕ್ರಮ. ನಳಿಕೆಯ ಬಾಯಿಂದ ಮದ್ದು ಸುರಿಯಬೇಕು, ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು, ಚರೆ ಹಾಕಿ ಮತ್ತೆ ಜಡಿಯಬೇಕು, ಕೊನೆಗೆ ಕೇಪು ಕೂರಿಸಬೇಕು. ಬಾಳೆಗೊನೆ ಹಾಳುಮಾಡಿದ ಮಂಗನ ಮೇಲೆ ಅಜ್ಜನಿಗೆ ಕೆಂಡದಂಥ ಸಿಟ್ಟು. ಆದರೆ ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಮಂಗ ಪಕ್ಕದವರ ತೋಟ ದಾಟಿರುತ್ತಿತ್ತು, ಸಿಟ್ಟು ಇಳಿದು ಕಾಫಿಯ ನೆನಪಾಗಿರುತ್ತಿತ್ತು. ತುಂಬಿದ ಈಡನ್ನು ಸುಮ್ಮನೆ ಆಕಾಶಕ್ಕೆ ಹಾರಿಸಿ ಒಳಗೆ ಬರುತ್ತಿದ್ದರು.

ಅರೆ-ಸ್ವಯಂಚಾಲಿತ ಪಿಸ್ತೂಲು ಅಜ್ಜನ ಆ ಕೆಲಸಗಳನ್ನೆಲ್ಲ ತಾನೇ ಮಾಡುತ್ತದೆ. ಒಂದು ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಶಕ್ತಿಯೇ ಮೇಲಿನ ಸ್ಲೈಡನ್ನು ತಳ್ಳಿ, ಖಾಲಿ ಕೋಶವನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮುಂದಿನ ಗುಂಡನ್ನು ನಳಿಕೆಗೆ ಕೂರಿಸುತ್ತದೆ. ಬೆರಳು ಮತ್ತೆ ಎಳೆದರೆ ಸಾಕು. ಮೊದಲ ಗುಂಡೇ ಎರಡನೆಯದನ್ನು ಸಿದ್ಧಮಾಡಿಕೊಡುವ ಯಂತ್ರ. ಅಗ್ಗದ ಪಿಸ್ತೂಲಿಗೂ ಒಳ್ಳೆಯದಕ್ಕೂ ಇರುವ ಬೆಲೆಯ ಅಂತರದಲ್ಲಿ ಕಾಣುವ ಅಂದ, ಹೆಸರು ಒಂದಿಷ್ಟಿದೆ. ಉಳಿದದ್ದು ಈ ಸರಣಿ ಎಲ್ಲೂ ತಡೆಯದೆ ನಡೆಯಬೇಕು ಎಂಬುದಕ್ಕೆ ಕೊಡುವ ಹಣ.

ಪೀಟರ್ ಗೀಚ್ ಎಂಬ ಇಂಗ್ಲಿಷ್ ತತ್ತ್ವಶಾಸ್ತ್ರಜ್ಞ 1956ರ ಒಂದು ಪುಟ್ಟ ಲೇಖನದಲ್ಲಿ ಹೇಳುವುದು ಹೀಗೆ: 'ಒಳ್ಳೆಯ' ಎಂಬ ಗುಣವಾಚಕ ತಾನಾಗಿ ಏನನ್ನೂ ಹೇಳುವುದಿಲ್ಲ, ಮುಂದಿನ ನಾಮಪದಕ್ಕೆ ಅಂಟಿಕೊಂಡೇ ಅರ್ಥ ಪಡೆಯುತ್ತದೆ. ಎತ್ತರದ ಹುಲ್ಲು ಗಿಡ್ಡ ತೆಂಗಿನ ಮೊಣಕಾಲಿಗೂ ಬಾರದು. ಹಾಗಿದ್ದೂ ಒಂದು ಎತ್ತರ, ಇನ್ನೊಂದು ಗಿಡ್ಡ. ಒಳ್ಳೆಯ ಕತ್ತಿ ಎಂದರೆ ಚೆನ್ನಾಗಿ ಕೊಯ್ಯುವ ಕತ್ತಿ, ಅಷ್ಟೇ. ಈ ಲೆಕ್ಕದಲ್ಲಿ ನನ್ನ ಪಟ್ಟಿ ಸರಿಯಾಗಿಯೇ ಇತ್ತು. ಪಿಸ್ತೂಲಿನ ಕೆಲಸ ಹಾರುವುದು, ಚೆನ್ನಾಗಿ ಹಾರುವುದು ಒಳ್ಳೆಯದು. ಆದರೂ ಒಂದು ಕಸಿವಿಸಿ ಉಳಿಯಿತು. ಕತ್ತಿಯ ಒಳ್ಳೆಯತನವನ್ನು ನಾವು ದಿನವೂ ಬಳಸುತ್ತೇವೆ. ಭಾವನಿಗೆ ಬೇಕಾದದ್ದು ಎಂದೂ ಬಳಸಬೇಕಾಗಿ ಬಾರದಿರಲಿ ಎಂದು ಹಾರೈಸಿಕೊಳ್ಳುತ್ತ, ಬಳಸಿದರೆ ಮಾತ್ರ ಎಂದೂ ಕೈಕೊಡದ ವಸ್ತು. ಬೆಂಕಿ ಆರಿಸುವ ಸಿಲಿಂಡರೂ ಹಾಗೇ ಅಲ್ಲವೇ ಎನ್ನಬಹುದು. ಆದರೆ ಸಿಲಿಂಡರು ಬೆಂಕಿಯ ಮೇಲಷ್ಟೇ ಕೆಲಸ ಮಾಡುತ್ತದೆ. ಪಿಸ್ತೂಲಿಗೆ ಕಳ್ಳನೂ ಮನೆ ತಪ್ಪಿದವನೂ ಒಂದೇ.

ಕೆಟ್ಟ ಆಯುಧದಿಂದ ಜಗತ್ತಿಗೆ ಉಪಕಾರವಾಗುತ್ತದೆಯೇ ಎಂಬ ಪ್ರಶ್ನೆಯನ್ನು ತಮಾಷೆಗೆಂದು ಟಿಪ್ಪಣಿಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅದಕ್ಕೆ ನಮ್ಮದೇ ಚರಿತ್ರೆಯಲ್ಲಿ ಉತ್ತರದಂಥದ್ದು ಸಿಕ್ಕಿತು.

1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧಿಯನ್ನು ಕೊಲ್ಲುವ ಮೊದಲ ಸಂಚು ನಡೆಯಿತು. ಅದರಲ್ಲಿದ್ದು ಆಮೇಲೆ ಮಾಫಿ ಸಾಕ್ಷಿಯಾದ ದಿಗಂಬರ ಬಡ್ಗೆ ನ್ಯಾಯಾಲಯದಲ್ಲಿ ಹೇಳಿದಂತೆ, ಅವತ್ತು ಬೆಳಿಗ್ಗೆ ಅವರು ಹಿಂದೂ ಮಹಾಸಭಾ ಭವನದ ಹಿಂದಿನ ಕಾಡಿಗೆ ಹೋಗಿ ತಮ್ಮಲ್ಲಿದ್ದ ಎರಡು ರಿವಾಲ್ವರುಗಳನ್ನು ಪರೀಕ್ಷಿಸಿದರು. ಒಂದರ ಗುಂಡಿನ ಕೊಠಡಿ ಸರಿಯಾಗಿ ಕೆಲಸ ಮಾಡಲಿಲ್ಲ. ಇನ್ನೊಂದರ ಗುಂಡು ಗುರಿಯಿಟ್ಟ ಮರವನ್ನು ತಲುಪದೆ ನಡುವೆಯೇ ಬಿತ್ತು. ಸಂಜೆ ಸಂಚು ಕೆಟ್ಟದ್ದಕ್ಕೆ ಆಯುಧಗಳಷ್ಟೇ ಕಾರಣವಲ್ಲ. ಮದನ್‌ಲಾಲ್ ಪಹ್ವಾ ಸಿಡಿಸಿದ ಸ್ಫೋಟಕದಿಂದ ಯಾರಿಗೂ ಏನೂ ಆಗಲಿಲ್ಲ, ಉಳಿದವರು ಧೈರ್ಯಗೆಟ್ಟು ಚದುರಿದರು. ಆದರೆ ಮರಳಿ ಬಂದ ಗೋಡ್ಸೆ ಹುಡುಕಿದ್ದು ಏನನ್ನು ಎಂಬುದು ಮುಖ್ಯ. ಅವನಿಗೆ ಬೇಕಾದದ್ದು ನಂಬಬಹುದಾದ ಪಿಸ್ತೂಲು. ಆಪ್ಟೆಯ ಜೊತೆ ಗ್ವಾಲಿಯರ್‌ಗೆ ಹೋಗಿ, 28ರಂದು ಅದನ್ನು ಪಡೆದ. ಇಟಲಿಯ ಬೆರೆಟ್ಟಾ, 1934ರ ಮಾದರಿ, ಸೆಮಿ-ಆಟೊಮ್ಯಾಟಿಕ್. ಜನವರಿ 30ರ ಸಂಜೆ ಅದು ಒಂದರ ಹಿಂದೊಂದು ಮೂರು ಗುಂಡು ಹಾರಿಸಿತು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ನನ್ನ ಪಟ್ಟಿಯಲ್ಲಿ ಆ ಬೆರೆಟ್ಟಾವನ್ನು ಸೇರಿಸಿದ್ದರೆ 'ವಿಶ್ವಾಸಾರ್ಹತೆ' ಕಾಲಮ್ಮಿನಲ್ಲಿ ಅದಕ್ಕೆ ಒಳ್ಳೆಯ ಅಂಕವೇ ಬೀಳುತ್ತಿತ್ತು. ಇದನ್ನು ಬರೆಯುವಾಗ ಕೈ ಒಂದು ಕ್ಷಣ ನಿಂತಿತು.

ಆ ಹತ್ತು ದಿನಗಳನ್ನು ಕುರಿತು ಯೋಚಿಸುವುದನ್ನು ನಾನು ಬಿಡಲಾರೆ. ಒರಟು ರಿವಾಲ್ವರುಗಳೂ ಕೆಟ್ಟ ಯೋಜನೆಯೂ ಹೆದರಿಕೆಯೂ ಸೇರಿ ದೇಶಕ್ಕೆ ಹತ್ತು ದಿನಗಳ ತಡವನ್ನು ಕೊಟ್ಟವು. ಮದನ್‌ಲಾಲ್ ಅಲ್ಲೇ ಸೆರೆಸಿಕ್ಕಿದ್ದ, ಬಾಯಿಬಿಟ್ಟಿದ್ದ. ಆ ತಡವನ್ನು ಪೊಲೀಸರು ಹೇಗೆ ಕಳೆದರು ಎಂಬುದನ್ನು ಎರಡು ದಶಕದ ಬಳಿಕ ಕಪೂರ್ ಆಯೋಗ ಪುಟಗಟ್ಟಲೆ ಬರೆಯಿತು. ಪ್ರಾರ್ಥನೆಗೆ ಬರುವವರನ್ನು ತಪಾಸಣೆ ಮಾಡಲು ಗಾಂಧಿಯೂ ಒಪ್ಪಲಿಲ್ಲ. ತಡ ಸಿಕ್ಕಿದ ಮಾತ್ರಕ್ಕೆ ಒಳ್ಳೆಯದಾಗಿಬಿಡುವುದಿಲ್ಲ, ಅದನ್ನು ಯಾರಾದರೂ ಬಳಸಿಕೊಳ್ಳಬೇಕು. ಆದರೆ ಒಳ್ಳೆಯ ಪಿಸ್ತೂಲು ಕೈಗೆ ಬಂದ ಮೇಲೆ ಬಳಸಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಡಿಸೆಂಬರಿನಲ್ಲಿ ಇದನ್ನೆಲ್ಲ ಭಾವನಿಗೆ ಹೇಳಿದೆ, ಅಜ್ಜನ ಕೋವಿಯ ಕಥೆಯನ್ನೂ ಸೇರಿಸಿ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಅಂದರು: "ಅಜ್ಜನ ಎದುರಿಗಿದ್ದದ್ದು ಮಂಗ. ನನ್ನ ಬಾಗಿಲಲ್ಲಿ ಇದ್ದದ್ದು ಮನುಷ್ಯ. ತಡ ಬೇಕು ಅಂತೀಯಲ್ಲ, ಹನ್ನೊಂದು ನಿಮಿಷ ತಡವನ್ನ ನಾನು ಮೆಟ್ಟಿಲ ಮೇಲೆ ನಿಂತು ನೋಡಿದೀನಿ. ನಿಂಗೆ ಬೇಕಾದ್ರೆ ಅದನ್ನ ಥೀಸಿಸ್ಸಲ್ಲಿ ಹಾಕ್ಕೋ."

ಇದು ಬರೀ ಚುಚ್ಚುಮಾತಲ್ಲ. ತಡ ಎಂಬುದು ಯಾರ ಪರವಾಗಿ ನಿಲ್ಲುತ್ತದೆ ಎಂದು ಮೊದಲೇ ಹೇಳಲಾಗದು. ಬಲವಿದ್ದವನು ಬಾಗಿಲ ಆಚೆ ನಿಂತಿದ್ದರೆ ಒಳಗಿರುವವರ ತಡ ಅವನಿಗೇ ಲಾಭ. ಈ ದೇಶದ ಕಪ್ಪು ಜನರ ಚರಿತ್ರೆ ಓದಿದವರು ಭಾವನ ಮಾತನ್ನು ತಳ್ಳಿಹಾಕಲಾರರು. 1892ರಲ್ಲಿ ಮೆಂಫಿಸ್ ನಗರದಲ್ಲಿ ತನ್ನ ಗೆಳೆಯರನ್ನು ಬಿಳಿಯರ ಗುಂಪು ಕೊಂದ ಬಳಿಕ ಪತ್ರಕರ್ತೆ ಐಡಾ ಬಿ. ವೆಲ್ಸ್, ಪ್ರತಿಯೊಂದು ಕಪ್ಪು ಕುಟುಂಬದ ಮನೆಯಲ್ಲೂ ವಿಂಚೆಸ್ಟರ್ ಬಂದೂಕಿಗೆ ಗೌರವದ ಜಾಗ ಇರಬೇಕು ಎಂದು ಬರೆದರು. ಕಾನೂನು ಕೊಡದ ರಕ್ಷಣೆಯನ್ನು ಅದು ಕೊಡಬೇಕು ಎಂಬುದು ಅವರ ವಾದ. ಕರೆದರೆ ಪೊಲೀಸರು ಬರುವುದಿಲ್ಲ, ಬಂದರೂ ಎದುರು ಪಕ್ಷಕ್ಕೇ ಸೇರುತ್ತಾರೆ ಎಂಬ ಊರಿನಲ್ಲಿ ಇರುವವರಿಗೆ ಅಹಿಂಸೆಯನ್ನು ಬೋಧಿಸುವ ಹಕ್ಕು ನನ್ನಂಥವನಿಗಂತೂ ಇಲ್ಲ.

ಹಾಗಾಗಿ ಆ ಹಕ್ಕು ಇದ್ದ ಒಬ್ಬರ ಮನೆಯನ್ನು ನೆನೆಯುತ್ತೇನೆ. 1956ರ ಜನವರಿ 30ರ ರಾತ್ರಿ ಅಲಬಾಮಾದ ಮಾಂಟ್ಗಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಜಗುಲಿಯ ಮೇಲೆ ಬಾಂಬು ಬಿತ್ತು. ಗಾಂಧಿ ತೀರಿಹೋಗಿ ಅಂದಿಗೆ ಸರಿಯಾಗಿ ಎಂಟು ವರ್ಷ, ಕಾಕತಾಳೀಯ. ಒಳಗೆ ಹೆಂಡತಿ ಕೊರೆಟಾ, ಮೂರು ತಿಂಗಳೂ ತುಂಬದ ಮಗಳು. ಕಿಂಗ್ ಆಗ ಇಪ್ಪತ್ತೇಳರ ಯುವಕ, ನನಗಿಂತ ಚಿಕ್ಕವರು. ಪಿಸ್ತೂಲು ಒಯ್ಯುವ ಪರವಾನಗಿಗೆ ಅರ್ಜಿ ಹಾಕಿದರು. ತಿರಸ್ಕೃತವಾಯಿತು. ಮನೆಯ ಸುತ್ತ ಬಂದೂಕು ಹಿಡಿದ ಕಾವಲುಗಾರರಿದ್ದರು, ಒಳಗೂ ಬಂದೂಕುಗಳಿದ್ದವು. ಆ ದಿನಗಳಲ್ಲಿ ಗಾಂಧಿಮಾರ್ಗದ ಅನುಭವಿ ಬೇಯರ್ಡ್ ರಸ್ಟಿನ್ ಅವರ ಮನೆಗೆ ಹೋದಾಗ, ಜೊತೆಗಿದ್ದ ಗೆಳೆಯ ಕೂರಲು ಹೊರಟ ಕುರ್ಚಿಯ ಮೇಲೆ ಪಿಸ್ತೂಲು ಬಿದ್ದಿತ್ತು. ರಸ್ಟಿನ್ ಕೂಗಿ ತಡೆದರು. ಅಹಿಂಸೆಯ ಚಳವಳಿಯ ಮನೆ, ಅಂಬೆಗಾಲಿಡದ ಮಗು, ಕುರ್ಚಿಯ ಮೇಲೆ ಪಿಸ್ತೂಲು.

ಕಿಂಗ್ ದಂಪತಿ ಮಾತಾಡಿಕೊಂಡು ಬಂದೂಕು ಬೇಡವೆಂದು ತೀರ್ಮಾನಿಸಿದರು. ಮುಂದಾಳಾಗಿ ಅಹಿಂಸೆ ಹೇಳುತ್ತ ಸ್ವಂತ ರಕ್ಷಣೆಗೆ ಆಯುಧ ಇಟ್ಟುಕೊಳ್ಳುವುದು ಹೇಗೆ ಎಂಬುದು ಒಂದು ಕಾರಣ. ಇನ್ನೊಂದನ್ನು ಅವರು ಮುಂದೆ ಹೇಳಿಕೊಂಡರು: ಮನೆಯಲ್ಲಿ ಬಂದೂಕು ಇದ್ದಾಗಲೇ ತನಗೆ ಹೆಚ್ಚು ಭಯವಿತ್ತು, ಅದನ್ನು ಬಿಟ್ಟ ಮೇಲೆ ಸಾವಿನ ಪ್ರಶ್ನೆಯನ್ನು ಎದುರಿಸಲೇಬೇಕಾಯಿತು, ಎದುರಿಸಿದೆ. 1968ರಲ್ಲಿ ಅವರನ್ನು ದೂರದಿಂದ ರೈಫಲ್ಲಿನಲ್ಲಿ ಕೊಂದರು. ಬಿಟ್ಟದ್ದರಿಂದ ಅವರು ಉಳಿದರು ಎಂದು ವಾದಿಸುವ ಹಾಗಿಲ್ಲ, ಇಟ್ಟುಕೊಂಡಿದ್ದರೆ ಉಳಿಯುತ್ತಿದ್ದರು ಎನ್ನುವ ಹಾಗೂ ಇಲ್ಲ. ಹನ್ನೆರಡು ವರ್ಷ ಅವರು ಮನೆಯಲ್ಲಿ ಹೇಗೆ ಬದುಕಿದರು ಎಂಬುದು ಮಾತ್ರ ಬದಲಾಯಿತು.

ಭಾವನಿಗೆ ಈ ಕಥೆ ಇಷ್ಟವಾಯಿತು. "ಆದ್ರೆ ನಾನು ಕಿಂಗ್ ಅಲ್ಲ ಮಾರಾಯ, ಡೇಟಾಬೇಸ್ ಅಡ್ಮಿನ್" ಅಂದರು. ನಿಜ.

ಅಷ್ಟು ಹೊತ್ತು ಸುಮ್ಮನೆ ಬಟ್ಟೆ ಮಡಚುತ್ತಿದ್ದ ಅಕ್ಕ ಕೇಳಿದಳು: "ನೀವಿಬ್ರೂ ಬಾಗಿಲಿನ ಆಚೆಯವನ ಬಗ್ಗೆನೇ ಮಾತಾಡ್ತಿದೀರಲ್ಲ?"

ಅಂಕಿಗಳನ್ನು ನಾನು ಅವಳ ಮುಂದೆ ಹೇಳಿರಲಿಲ್ಲ. ಕ್ಯಾಲಿಫೋರ್ನಿಯಾದ 2.6 ಕೋಟಿಗೂ ಹೆಚ್ಚು ವಯಸ್ಕರನ್ನು ಹನ್ನೆರಡು ವರ್ಷ ಹಿಂಬಾಲಿಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಗಿದೆ. ಕೈಬಂದೂಕು ಇಟ್ಟುಕೊಂಡ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಇಟ್ಟುಕೊಳ್ಳದವರಿಗಿಂತ ಸುಮಾರು 8 ಪಟ್ಟು. ಹೆಂಗಸರಲ್ಲಿ 35 ಪಟ್ಟು. ಅದೇ ತಂಡ 2022ರಲ್ಲಿ ಹೇಳಿದ್ದು: ಕೈಬಂದೂಕಿನ ಒಡೆಯರೊಂದಿಗೆ ವಾಸಿಸುವವರು ಕೊಲೆಯಾಗುವ ಪ್ರಮಾಣ ಬಂದೂಕಿಲ್ಲದ ಮನೆಯವರಿಗಿಂತ ದುಪ್ಪಟ್ಟಿಗೂ ಹೆಚ್ಚು. ಅಂಕಿಗಳು ಒಬ್ಬೊಬ್ಬರ ಹಣೆಬರಹ ಹೇಳುವುದಿಲ್ಲ, ಅದು ನನಗೂ ಗೊತ್ತು. ಆದರೆ ಕೊಳ್ಳುವಾಗ ನಾವು ನೋಡುವುದು ಬಾಗಿಲಿನ ಕಡೆಗೆ. ಪಿಸ್ತೂಲು ವರ್ಷಗಟ್ಟಲೆ ಇರುವುದು ಮಂಚದ ಪಕ್ಕದಲ್ಲಿ.

ಇದನ್ನು ಅಂಕಿಗಳಿಗಿಂತ ಚೆನ್ನಾಗಿ ಹೇಳುವ ಒಂದು ಪ್ರಸಂಗ ಕರ್ಣಪರ್ವದಲ್ಲಿದೆ. ಕರ್ಣನಿಂದ ಪೆಟ್ಟು ತಿಂದು ಧರ್ಮರಾಯ ಬಿಡಾರಕ್ಕೆ ಮರಳಿದ್ದಾನೆ. ನೋಡಲು ಅರ್ಜುನ, ಕೃಷ್ಣ ಬರುತ್ತಾರೆ. ಕರ್ಣನನ್ನು ಕೊಂದೇ ಬಂದಿರಬೇಕೆಂದು ಅಣ್ಣ ಹಿಗ್ಗುತ್ತಾನೆ. ಇಲ್ಲವೆಂದು ತಿಳಿದಾಗ ನೋವೂ ಅವಮಾನವೂ ಸೇರಿ ಬಾಯಿಗೆ ಬಂದಂತೆ ಬೈಯುತ್ತಾನೆ, ನಿನ್ನ ಗಾಂಡೀವವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಾನೆ. ಹಾಗೆ ಹೇಳಿದವರ ತಲೆ ಕಡಿಯುತ್ತೇನೆಂದು ಅರ್ಜುನನದೊಂದು ಗುಟ್ಟಿನ ಪ್ರತಿಜ್ಞೆ. ಕತ್ತಿ ಹಿರಿಯುತ್ತಾನೆ. ಆಯುಧಗಳೆಲ್ಲ ಕರ್ಣನಿಗೆಂದು ಹೊತ್ತು ತಂದವು. ಹದಿನೇಳನೆಯ ದಿನದ ಆ ಹೊತ್ತಿನಲ್ಲಿ ಅವು ತಿರುಗಿದ್ದು ಅಣ್ಣನ ಕಡೆಗೆ, ಆಯುಧದ ಮಾನ ಹೋಯಿತೆಂಬ ಕಾರಣಕ್ಕೆ.

ಕೃಷ್ಣ ಆಗ ಮಾಡುವುದನ್ನು ಗಮನಿಸಬೇಕು. ಕೈ ಹಿಡಿದು ಎಳೆಯುವುದಿಲ್ಲ. ಇಲ್ಲಿ ಕೊಲ್ಲಬೇಕಾದವರು ಯಾರೂ ಕಾಣುತ್ತಿಲ್ಲವಲ್ಲ ಎಂದು ಕೇಳುತ್ತಾನೆ, ಆಮೇಲೆ ಕಥೆ ಹೇಳಲು ಕೂರುತ್ತಾನೆ. ಬಲಾಕನೆಂಬ ಬೇಡನದೊಂದು, ನಿಜವನ್ನೇ ಹೇಳಿ ಮುಗ್ಧರನ್ನು ಕೊಲ್ಲಿಸಿದ ಕೌಶಿಕನದೊಂದು. ಹಿರಿದ ಕತ್ತಿಯ ಎದುರು ಎರಡು ಕಥೆ! ಹುಡುಗನಾಗಿದ್ದಾಗ ಇದು ನನಗೆ ಅಸಂಬದ್ಧವಾಗಿ ಕಾಣುತ್ತಿತ್ತು. ಈಗ ಅನಿಸುವುದು, ಅವನು ಅಲ್ಲಿ ಅರ್ಜುನನ ಕೈಗೆ ಮದ್ದು, ನಾರು, ಚರೆ, ಗಜ ಕೊಡುತ್ತಿದ್ದಾನೆ ಎಂದು. ಹಿರಿಯನನ್ನು 'ನೀನು' ಎಂದು ಏಕವಚನದಲ್ಲಿ ಬೈದರೆ ಅದೇ ಕೊಂದಂತೆ ಎಂದು ದಾರಿ ತೋರಿಸುತ್ತಾನೆ. ಅರ್ಜುನ ಬೈಯುತ್ತಾನೆ. ಬೈದ ಮರುಕ್ಷಣ ಅಣ್ಣನನ್ನು ಅವಮಾನಿಸಿದೆನಲ್ಲ ಎಂದು ಮತ್ತೆ ಕತ್ತಿ ಹಿರಿಯುತ್ತಾನೆ, ಈ ಸಲ ತನ್ನನ್ನೇ ಕೊಂದುಕೊಳ್ಳಲು. ತನ್ನನ್ನು ತಾನೇ ಹೊಗಳಿಕೊಂಡರೆ ಅದೇ ಆತ್ಮಹತ್ಯೆ ಎಂದು ಕೃಷ್ಣ ಮತ್ತೊಂದು ಉಪಾಯ ಹುಡುಕಬೇಕಾಗುತ್ತದೆ.

ಮೊದಲು ಮನೆಯವನ ಕಡೆಗೆ, ಆಮೇಲೆ ತನ್ನ ಕಡೆಗೆ. ಕರ್ಣ ಆ ಬಿಡಾರದಿಂದ ಬಹಳ ದೂರದಲ್ಲಿದ್ದ.

ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಮಡಚಿದ ಬಟ್ಟೆ ಎತ್ತಿಕೊಂಡು ಹೋದಳು. ಭಾವ ಮಾತ್ರ, "ಎರಡು ಗಂಟೆ ರಾತ್ರೀಲಿ ಕಥೆ ಹೇಳೋ ಕೃಷ್ಣನ್ನ ಎಲ್ಲಿಂದ ತರ್ಲಿ?" ಅಂದರು. ಆಮೇಲೆ ತಾವೇ ಒಂದು ಪರಿಹಾರ ಹುಡುಕಿದರು: ಪಿಸ್ತೂಲಿಗೊಂದು ಬೀಗದ ಪೆಟ್ಟಿಗೆ. ಮಗಳಿದ್ದಾಳಲ್ಲ, ಅದು ಬೇಕೇ ಬೇಕು. ಅದಕ್ಕೂ ಹೋಲಿಕೆಯ ಪಟ್ಟಿ ನನ್ನದೇ. ಆ ಪೆಟ್ಟಿಗೆಗಳ ಜಾಹೀರಾತು ಓದುತ್ತ ಹೋದರೆ ಬೆರಳಚ್ಚು ಇಟ್ಟ ಎಷ್ಟು ಬೇಗ ಬಾಗಿಲು ತೆರೆಯುತ್ತದೆ ಎಂಬುದೇ ಅವುಗಳ ಹೆಗ್ಗಳಿಕೆ. ತಡವನ್ನು ತೆಗೆಯಲು ಐನೂರು ಡಾಲರ್, ಸ್ವಲ್ಪ ತಡವನ್ನು ಮರಳಿ ತರಲು ಇನ್ನೊಂದಿಷ್ಟು, ಆ ತಡವೂ ಆದಷ್ಟು ಕಡಿಮೆಯಿರಲೆಂದು ಮತ್ತೂ ಒಂದಿಷ್ಟು. ನಗು ಬಂತು. ಆದರೆ ಭಾವ ತಪ್ಪೇನೂ ಮಾಡುತ್ತಿರಲಿಲ್ಲ. ಬಾಗಿಲ ಹೊರಗಿನವನಿಗೆ ತಡವಿಲ್ಲದ, ಒಳಗಿನವರಿಗೆ ತಡವಿರುವ ಒಂದು ವಸ್ತುವನ್ನು ಅವರು ಹುಡುಕುತ್ತಿದ್ದರು. ಅಂಥದ್ದನ್ನು ಯಾವ ಕಂಪನಿಯೂ ಮಾಡುವುದಿಲ್ಲ.

ಹೇಳದೆ ಉಳಿಸಿಕೊಂಡ ಒಂದು ಸಂಗತಿಯಿದೆ. 1992ರ ಅಕ್ಟೋಬರಿನಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್ ಊರಿನಲ್ಲಿ, ಜಪಾನಿನಿಂದ ಓದಲು ಬಂದಿದ್ದ 16 ವರ್ಷದ ಹುಡುಗನೊಬ್ಬ ಹ್ಯಾಲೊವೀನ್ ಪಾರ್ಟಿಗೆಂದು ಹೊರಟು ತಪ್ಪು ಮನೆಯ ಗಂಟೆ ಒತ್ತಿದ. ಮನೆಯವನು ಕೈಬಂದೂಕು ಹಿಡಿದು ಹೊರಬಂದು 'ಫ್ರೀಜ಼್' ಎಂದ. ಅಲ್ಲಾಡಬೇಡ ಎಂಬ ಅರ್ಥದ ಆ ಮಾತು ಹುಡುಗನಿಗೆ ತಿಳಿದಿರಲಿಕ್ಕಿಲ್ಲ. ಅವನು ಮುಂದೆ ಬಂದ. ಒಂದೇ ಗುಂಡು. ಮರುವರ್ಷ ಕ್ರಿಮಿನಲ್ ಮೊಕದ್ದಮೆಯಲ್ಲಿ ಮನೆಯವನು ನಿರ್ದೋಷಿ ಎಂದು ತೀರ್ಪಾಯಿತು. ಅವನೂ ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ಹೆದರಿದ್ದ.

ನಾನೂ ಈ ದೇಶದಲ್ಲಿ ಓದಲು ಬಂದವನು. ಭಾವನ ಬಡಾವಣೆಯಲ್ಲಿ ನಾನು ಎರಡು ಸಲ ಬೇರೆಯವರ ಮನೆಯ ಮುಂದೆ ಹೋಗಿ ನಿಂತಿದ್ದೇನೆ. ಒಂದು ಸಲ ಗಂಟೆಯನ್ನೂ ಒತ್ತಿದ್ದೇನೆ. ಇದನ್ನು ಭಾವನಿಗೆ ಹೇಳಿದರೆ ನನ್ನ ವಾದಕ್ಕೆ ಬಲ ಬರುತ್ತಿತ್ತು. ಆದರೆ ನನ್ನ ಹೆದರಿಕೆಯನ್ನು ಅವರ ಹೆದರಿಕೆಯ ಎದುರು ತಕ್ಕಡಿಗೆ ಹಾಕಲು ಮನಸ್ಸಾಗಲಿಲ್ಲ. ಪಟ್ಟಿಯನ್ನು ಪೂರ್ತಿ ಮಾಡಿ ಕಳಿಸಿದೆ. ತರಬೇತಿಗೆ ಸೇರದೆ ಕೊಳ್ಳಬೇಡಿ ಎಂದು ಕೆಳಗೆ ಬರೆದೆ, ಬಾಗಿಲಿಗೆ ಗಟ್ಟಿ ಅಗುಳಿ ಮತ್ತು ಹೊರಗೆ ದೀಪ ಹಾಕಿಸಲು ಎಷ್ಟಾಗುತ್ತದೆ ಎಂದೂ ಬರೆದೆ. ಎಲ್ಲ ಸೇರಿ ಐನೂರಕ್ಕಿಂತ ಕಡಿಮೆ. ಕಳಿಸಿದ್ದು ಸರಿಯೋ ತಪ್ಪೋ ಎಂದು ನನಗೆ ಇವತ್ತಿಗೂ ಖಚಿತವಿಲ್ಲ. ಕಳಿಸದಿದ್ದರೆ ಅವರು ಅಂಗಡಿಯವನ ಮಾತು ಕೇಳಿ ಕೊಳ್ಳುತ್ತಿದ್ದರು ಎಂಬುದು ನಾನು ನನಗೆ ಹೇಳಿಕೊಳ್ಳುವ ಸಮಾಧಾನ. ಆಯುಧ ಮಾರುವವರೆಲ್ಲ ಹೇಳಿಕೊಳ್ಳುವ ಸಮಾಧಾನವೂ ಅದೇ ಇರಬಹುದು.

ಜನವರಿಯಲ್ಲಿ ಭಾವ ಅಗುಳಿ ಹಾಕಿಸಿದರು, ದೀಪ ಹಾಕಿಸಿದರು, ತರಬೇತಿಗೂ ಸೇರಿದರು. ಪಿಸ್ತೂಲನ್ನೂ ತಂದರು. ಪಟ್ಟಿಯ ಮೊದಲನೆಯದು. ಅದನ್ನು ನಾನು ನೋಡಿಲ್ಲ, ನೋಡಬೇಕೆಂದು ಕೇಳಿಲ್ಲ.

ಕಳೆದ ವಾರ ಅವರ ಮನೆಗೆ ಹೋದಾಗ ಬಸ್ಸು ತಡವಾಗಿ ರಾತ್ರಿ ಹನ್ನೊಂದಾಗಿತ್ತು. ಬೀದಿಯ ತಿರುವಿನಲ್ಲೇ ನಿಂತು ಫೋನ್ ಮಾಡಿದೆ. "ಭಾವ, ನಾನೇ. ಬರ್ತಾ ಇದೀನಿ." ಹೊಸ ದೀಪದ ಬೆಳಕಿನಲ್ಲಿ ಅವರ ಬಾಗಿಲು ಅಲ್ಲಿಗೇ ಕಾಣುತ್ತಿತ್ತು.

"ಅದಕ್ಕೆ ಯಾಕೋ ಫೋನು?" ಅಂದರು. "ಬೆಲ್ ಒತ್ತಿದ್ರೆ ಆಗ್ತಿತ್ತಲ್ಲ ಮಾರಾಯ."